ಪೂರ್ಣಾಹುತಿಯ ಕೊಬ್ಬರಿ

ಜನವರಿ 6, ಸೋಮವಾರ

ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ಪ್ರತಿ ಪುಟದ ಅಡಿಯಲ್ಲೂ ಯೂರಿಯಾದ ಜಾಹೀರಾತಿದೆ. ಇರಲಿ. ಶಾಲೆಯಿಂದ ನಿವೃತ್ತಿಯಾದ ಮೇಲೆ ನಾನು ಬರೆಯುವುದನ್ನು ಓದುವವರು ಯಾರೂ ಇಲ್ಲ, ಹಾಗಾಗಿ ಯಾವ ಕಾಗದವಾದರೂ ನಡೆಯುತ್ತದೆ.

ಇವತ್ತು ಗುಡಿ ಸಮಿತಿಯ ಸಭೆ. ರಂಗನಾಥನ ಗುಡಿಯ ಗೋಪುರ ಮುಗಿಯಿತು. ಫೆಬ್ರವರಿ ಹತ್ತಕ್ಕೆ ಕುಂಭಾಭಿಷೇಕ. ಅವತ್ತಿನ ಹೋಮಕ್ಕೆ ಯಜಮಾನ ದಂಪತಿಯಾಗಿ ನಾವೇ ಕೂರಬೇಕೆಂದು ಅಧ್ಯಕ್ಷ ಹನುಮಂತರಾಜು ಹೇಳಿದ. ಹೇಳಬೇಕಾದ್ದೇ. ಕಲ್ಲು, ಮರಳು, ಕೆತ್ತನೆಯವರು ಎಂದು ಆ ಗುಡಿಗೆ ನಾನು ಓಡಾಡಿದಷ್ಟು ಯಾರೂ ಓಡಾಡಿಲ್ಲ. ಮುಖ್ಯೋಪಾಧ್ಯಾಯಿನಿಯಾಗಿದ್ದಾಗಲೂ ಅಷ್ಟು ಜನರನ್ನು ಗದರಿರಲಿಲ್ಲ. ನಮ್ಮ ಯಜಮಾನರು ಮಾತ್ರ ಅಷ್ಟು ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಮಂಡಿ ಹಿಡಿಯುತ್ತದೆ ಎಂದು ಗೊಣಗಿದರು. ಶಿವಣ್ಣ ಎಂದು ಹೆಸರಿಟ್ಟುಕೊಂಡ ಮನುಷ್ಯನಿಗೆ ದೇವರ ಮುಂದೆ ಕೂರಲು ಇಷ್ಟು ಸಂಕಟ.

ಹೋಮದ ಕೊನೆಯಲ್ಲಿ ಪೂರ್ಣಾಹುತಿಗೆ ಬೆಂಕಿಗೆ ಹಾಕುವ ಉಂಡೆ ಕೊಬ್ಬರಿಯೂ ನಮ್ಮ ಅಟ್ಟದ್ದೇ. ವರ್ಷವಿಡೀ ಒಣಗಿದ ಕಾಯಿಯನ್ನು ಸುಲಿಸಿ ಇಟ್ಟಿದ್ದೇನೆ. ಇನ್ನು ಚಿಪ್ಪು ಒಡೆದು ಒಳಗಿನ ಉಂಡೆಯನ್ನು ಒಂದು ಗೀರೂ ಬೀಳದಂತೆ ಬಿಡಿಸಬೇಕು. ಅದಕ್ಕೆ ಹುಚ್ಚಿಯನ್ನು ಕರೆಸಿದೆ. ಹೆಸರು ಹುಚ್ಚಕ್ಕ, ನನಗಿಂತ ದೊಡ್ಡವಳು, ಆದರೆ ನಮ್ಮತ್ತೆಯ ಕಾಲದಿಂದ ಈ ಮನೆಯಲ್ಲಿ ಹುಚ್ಚಿ ಎಂದೇ ರೂಢಿ. ಊರಾಚೆಯ ಕಾಲೋನಿಯವಳು. ಹಿತ್ತಲ ಕಲ್ಲಿನ ಮೇಲೆ ಕೂತು, ಗೋಡೆಯ ಗೂಡಿನಲ್ಲಿದ್ದ ಅವಳ ಕಪ್ಪನ್ನು ತಾನೇ ತೊಳೆದು ಹಿಡಿದಳು, ಮೇಲಿನಿಂದ ಕಾಫಿ ಹುಯ್ದೆ. ಹಿಡಿ ಮುರಿದ ಪಿಂಗಾಣಿ ಕಪ್ಪು, ಅವಳಿಗೆಂದೇ ಇಟ್ಟದ್ದು. ವಾರದಲ್ಲಿ ಎರಡು ಮೂರು ದಿನ ಬಂದು ಬಿಡಿಸಿಕೊಡುತ್ತಾಳಂತೆ.

ಜನವರಿ 9, ಗುರುವಾರ

ಇವತ್ತಿನ ಸಿಟ್ಟನ್ನು ಇಲ್ಲೇ ಇಳಿಸಬೇಕು. ಬರೆಯದೆ ಇದ್ದರೆ ಅಡುಗೆಮನೆಯ ಪಾತ್ರೆಗಳ ಮೇಲೆ ತೀರಿಸಿಕೊಳ್ಳಬೇಕಾಗುತ್ತದೆ.

ಬೆಳಿಗ್ಗೆ ಶ್ರೀರಂಗಯ್ಯನವರು ಬಂದರು. ನಮ್ಮ ಗುಡಿಯ ಅರ್ಚಕರು, ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಕಂಡವರು. ಎಂದೂ ಇಲ್ಲದಂತೆ ಜಗಲಿಯ ಮೇಲೇ ನಿಂತು, ಶಲ್ಯದ ತುದಿ ತಿರುಚುತ್ತಾ, ಬಿಸಿಲು, ತೆಂಗಿನ ನುಸಿ ಎಲ್ಲ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು. ಹೋಮ ನಡೆಸಲು ಹೊರಗಿನಿಂದ ಬರುವ ದೊಡ್ಡ ಶಾಸ್ತ್ರಿಗಳು ಯಜಮಾನರು ಯಾವ ಜನ ಎಂದು ಫೋನಿನಲ್ಲಿ ಕೇಳಿದರಂತೆ. ಗೌಡರು ಎಂದು ಇವರು ಹೇಳಿದರಂತೆ. ಹಾಗಾದರೆ ಆ ದಂಪತಿ ಯಾಗಶಾಲೆಯೊಳಗೆ ಕೂರುವಂತಿಲ್ಲ, ಸುತ್ತ ಕಟ್ಟುವ ಹಗ್ಗದಾಚೆ ಅವರಿಗೆ ಮಣೆ ಹಾಕಿ, ಅವರ ಪರವಾಗಿ ಒಳಗೆ ಅರ್ಚಕರಾದ ನೀವೇ ಕೂತುಕೊಳ್ಳಿ ಎಂದರಂತೆ. ವೇದಮಂತ್ರದಿಂದ ಅವರಿಗೆ ಸಂಕಲ್ಪ ಮಾಡಿಸುವಂತೆಯೂ ಇಲ್ಲವಂತೆ. ಪುರಾಣದ ಶ್ಲೋಕ ಹೇಳಿಸಿದರೆ ಸಾಕಂತೆ.

ಯಾಕೆ ಎಂದೆ.

"ಶಾಸ್ತ್ರದ ಪ್ರಕಾರ ನೀವು ನಾಲ್ಕನೇ ವರ್ಣಕ್ಕೆ ಬರ್ತೀರಿ ತಾಯಿ," ಎಂದರು, ನೆಲ ನೋಡುತ್ತಾ.

ನಾಲ್ಕನೆಯದು ಎಂದರೆ ಶೂದ್ರ. ಆ ಲೆಕ್ಕ ನನಗೆ ಗೊತ್ತಿಲ್ಲವೇ? ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆದು ಸಮಾಜ ಪಾಠ ಮಾಡಿದವಳು ನಾನು. ಆದರೆ ಅದು ಪಾಠ. ಆ ಗೆರೆಗಳಲ್ಲಿ ನಾವು ಎಲ್ಲಿದ್ದೇವೆ ಎಂದು ನಾನು ಯೋಚಿಸಿದವಳೇ ಅಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಕತ್ತಿ ಇದೆ. ನಡುಮನೆಯ ಗೋಡೆಗೆ ನೇತುಹಾಕಿದ್ದು, ಪಾಳೆಯಗಾರರ ಕಾಲದ್ದು. ನಾವು ಕ್ಷತ್ರಿಯರು ಎಂದು ನಮ್ಮ ಮಾವ ಬಂದವರಿಗೆಲ್ಲ ಅದನ್ನು ತೋರಿಸಿ ಹೇಳುತ್ತಿದ್ದರು. ನಾನು ಕಂಡಂತೆ ಅದು ಆಯುಧಪೂಜೆಯ ಬೂದುಗುಂಬಳಕಾಯಿ ಬಿಟ್ಟು ಬೇರೇನನ್ನೂ ಕಡಿದಿಲ್ಲ, ಅದು ಬೇರೆ ಮಾತು.

ಅಷ್ಟಕ್ಕೇ ಮುಗಿಯಲಿಲ್ಲ. ಹಾಗಾದರೆ ನಮ್ಮ ಮದುವೆಯಲ್ಲಿ ನಿಮ್ಮ ತಂದೆಯವರು ಹೇಳಿದ್ದು ಯಾವ ಮಂತ್ರ ಎಂದು ಕೇಳಿದೆ. ತಡವರಿಸಿದರು. ಅದೂ ಪುರಾಣದ್ದೇ ಅಂತೆ, ನಮ್ಮ ಗೃಹಪ್ರವೇಶಕ್ಕೂ ಅದೇ ಅಂತೆ, ಅದರಿಂದ ಫಲ ಏನೂ ಕಡಿಮೆಯಾಗುವುದಿಲ್ಲವಂತೆ. ಕಡಿಮೆಯಾಗದಿದ್ದರೆ ಎರಡು ಬಗೆ ಯಾಕೆ ಇಟ್ಟರು? ನನ್ನ ತಾಳಿ ಕಟ್ಟುವಾಗ ಹೇಳಿದ ಮಂತ್ರ ಎರಡನೇ ದರ್ಜೆಯದು ಎಂದು ನಲವತ್ತು ವರ್ಷದ ಮೇಲೆ ತಿಳಿಯಿತು. ಅವತ್ತು ಕಣ್ಣು ಮುಚ್ಚಿ ಎಷ್ಟು ಭಕ್ತಿಯಿಂದ ಕೇಳಿದ್ದೆ ನಾನು.

ಮಧ್ಯಾಹ್ನ ಅನ್ನ ಸೇರಲಿಲ್ಲ. ನಮ್ಮವರು ಎಂದಿನಂತೆ ಎರಡು ಮುದ್ದೆ ಉಂಡು ಮಲಗಿದರು.

ಜನವರಿ 11, ಶನಿವಾರ

ಅದು ಎಲ್ಲಿ ಬರೆದಿದೆ ತೋರಿಸಿ ಎಂದು ಪಕ್ಕದೂರಿನಲ್ಲಿರುವ ಶ್ರೀರಂಗಯ್ಯನವರ ಮನೆಗೇ ಹೋದೆ. ಮೊದಲು ಇಲ್ಲ ಎಂದರು, ಆಮೇಲೆ ಹುಡುಕಬೇಕು ಎಂದರು, ನಾನು ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಸ್ಮೃತಿಯ ಕನ್ನಡ ಅನುವಾದವನ್ನು ಧೂಳು ಕೊಡವಿ ಕೊಟ್ಟರು. ತಾವೂ ಪೂರ್ತಿ ಓದಿಲ್ಲವಂತೆ. ಅದರಲ್ಲಿ ಏನಿದೆ ಎಂದು ತನಗೂ ಹೇಳಬೇಕೆಂದು ಅವರ ಹೆಂಡತಿ ಬಾಗಿಲ ಬಳಿ ಬಂದು ಕೇಳಿದರು. ಬಸ್ಸು ಕಾಯುತ್ತಾ ಅಲ್ಲೇ ಮುನ್ನುಡಿ ಓದಿದೆ. ವೇದದ ವಿಷಯಕ್ಕೆ ಹೆಂಗಸರನ್ನೂ ಶೂದ್ರರನ್ನೂ ಒಟ್ಟಿಗೇ ಆಚೆ ಇಟ್ಟಿದ್ದಾರೆ. ಪಾಪ, ಆಕೆಯದೂ ನನ್ನದೂ ಒಂದೇ ಬೆಂಚು.

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿ. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡೇ ಎಲ್ಲರ ಮನೆಗೂ ಎಳ್ಳು ಬೀರಿ ಬಂದೆ. ಉಳಿದ ಸಿಹಿ ಪೊಂಗಲನ್ನು ಇವತ್ತು ಹುಚ್ಚಿಗೆ ಕೊಟ್ಟೆ. ಸ್ವಲ್ಪ ಹುಳಿ ವಾಸನೆ ಇತ್ತು, ಬಿಸಿ ಮಾಡಿಕೊಂಡರೆ ಏನೂ ಆಗುವುದಿಲ್ಲ.

ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪುಸ್ತಕ ತೆರೆದೆ. ನಮ್ಮವರು ಹಗ್ಗ ಹೊಸೆಯುತ್ತಾ ಕೂತಿದ್ದರು. ಹುಚ್ಚಿ ಕಲ್ಲಿನ ಮೇಲೆ ಕೂತು ಮಚ್ಚಿನ ಹಿಂಬದಿಯಿಂದ ಚಿಪ್ಪು ತಟ್ಟುತ್ತಿದ್ದಳು. ನಮ್ಮವರಿಗೆ ಕೇಳಲಿ ಎಂದು ಗಟ್ಟಿಯಾಗಿಯೇ ಓದಿದೆ. ಬಾಯಿಂದ ಒಬ್ಬರು, ತೋಳಿಂದ ಒಬ್ಬರು, ತೊಡೆಯಿಂದ ಒಬ್ಬರು ಹುಟ್ಟಿದರಂತೆ, ನಾವು ಪಾದದಿಂದ. ಇದು ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು ಅದರ ಮುಂದಿನದು. ಮೊದಲ ಮೂವರಿಗೂ ಓದು, ದಾನ, ಯುದ್ಧ, ವ್ಯಾಪಾರ ಎಂದು ಉದ್ದುದ್ದ ಕೆಲಸಗಳಿವೆ. ನಾಲ್ಕನೆಯವನಿಗೆ ಒಂದೇ ಕೆಲಸ, ಆ ಮೂವರ ಸೇವೆ. ಅದನ್ನೂ ಅಸೂಯೆಯಿಲ್ಲದೆ ಮಾಡಬೇಕಂತೆ. ಮೈ ದುಡಿದರೆ ಸಾಲದು, ಮನಸ್ಸೂ ಗೊಣಗಬಾರದು.

"ನೀನು ಹುಟ್ಟಿದಾಗಿಂದ್ಲೂ ಗೊಣಗ್ತಾನೇ ಇದೀಯ ಕಣೇ. ಶಾಸ್ತ್ರ ನಿನ್ನ ಏನೂ ಮಾಡಕ್ಕಾಗಿಲ್ಲ ಬುಡು," ಎಂದರು ನಮ್ಮವರು.

ಈ ಮನುಷ್ಯನಿಗೆ ರೋಷ ಎಂಬುದನ್ನು ದೇವರು ಕೊಡಲೇ ಇಲ್ಲ.

ಜನವರಿ 18, ಶನಿವಾರ

ಇವತ್ತು ಓದಿದ್ದನ್ನು ಬರೆಯದೆ ಇದ್ದರೆ ನಿದ್ದೆ ಬಾರದು.

ಶೂದ್ರನು ಶಕ್ತಿಯಿದ್ದರೂ ಹಣ ಕೂಡಿಡಬಾರದಂತೆ, ಕೂಡಿಟ್ಟರೆ ಬ್ರಾಹ್ಮಣರನ್ನು ಬಾಧಿಸುತ್ತಾನಂತೆ. ನಾವು ತೋಟ ಮಾಡಿದ್ದೇ ಅಪರಾಧ. ಬೋರು ಕೊರೆಸಿದ್ದು, ಸಸಿ ನೆಟ್ಟದ್ದು, ಬೇಸಿಗೆಯಲ್ಲಿ ಒಂದೊಂದು ಗಿಡಕ್ಕೂ ಬಿಂದಿಗೆಯಲ್ಲಿ ನೀರು ಹೊತ್ತದ್ದು ಎಲ್ಲ ಅಪರಾಧ. ಆ ಅಪರಾಧದ ದುಡ್ಡಿನಿಂದಲೇ ಗೋಪುರ ಎದ್ದಿತು ಎಂಬುದನ್ನು ಶಾಸ್ತ್ರಿಗಳಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಪುಟದಲ್ಲಿತ್ತು. ಸೇವೆ ಮಾಡುವ ಶೂದ್ರನಿಗೆ ಏನು ಕೊಡಬೇಕು ಎಂದು ವಿಧಿಸಿದ್ದಾರೆ. ಉಂಡು ಮಿಕ್ಕ ಅನ್ನ, ಉಟ್ಟು ಹಳೆಯದಾದ ಬಟ್ಟೆ, ಜಳ್ಳು ಕಾಳು, ಹಳೇ ಹಾಸಿಗೆ. ಇಷ್ಟೇ. ಯಾವ ಮನುಷ್ಯ ಕೂತು, ಯೋಚಿಸಿ, ಛಂದಸ್ಸಿಗೆ ಹೊಂದಿಸಿ ಇದನ್ನು ಬರೆದನೋ. ಎದುರಿಗೆ ಒಬ್ಬ ಮನುಷ್ಯ ದಿನವಿಡೀ ದುಡಿದು ನಿಂತಿದ್ದಾನೆ, ಅವನಿಗೆ ತನ್ನ ಎಂಜಲು ಕೊಡುವುದು ಧರ್ಮ ಎಂದು ಬರೆಯುವಾಗ ಆ ಕೈಗೆ ಏನೂ ಅನ್ನಿಸಲಿಲ್ಲವೇ? ನಾನು ಇದನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ನಮ್ಮವರು ಹಗ್ಗ ಹೊಸೆಯುವುದನ್ನು ನಿಲ್ಲಿಸಿದರು. ಇವರಿಗೂ ಕೊನೆಗೆ ತಟ್ಟಿತಲ್ಲ ಎಂದು ಸಮಾಧಾನವಾಯಿತು. ಆದರೆ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಕಲ್ಲಿನ ಕಡೆ. ಅಲ್ಲಿ ಏನಿತ್ತೋ.

ಸಂಜೆ ಹುಚ್ಚಿಗೆ ನನ್ನ ಹಳೇ ವಾಯಿಲ್ ಸೀರೆ ಎರಡು ತೆಗೆದುಕೊಟ್ಟೆ. ಪ್ರತಿ ಸಂಕ್ರಾಂತಿಗೂ ಕೊಡುವುದು ವಾಡಿಕೆ, ಈ ಗಲಾಟೆಯಲ್ಲಿ ತಡವಾಯಿತು. ಈ ಸಲ ಬೇಡ ಎಂದಳು, ಇದಾವೆ ಎಂದಳು. ಯಾರೋ ಹೊಸದು ಕೊಡಿಸಿರಬೇಕು. ಹೊರಡುವಾಗ ಪುಸ್ತಕದ ಕಡೆ ಗದ್ದ ತೋರಿಸಿ, "ಅದ್ರಾಗೆ ನಮ್ದೂ ಐತಾ ಅವ್ವಾರೆ?" ಎಂದು ಕೇಳಿದಳು. ಮುಂದೆ ಬಂದರೂ ಬರಬಹುದು, ನೋಡಿ ಹೇಳುತ್ತೇನೆ ಎಂದೆ.

ಜನವರಿ 20, ಸೋಮವಾರ

ಸಮಿತಿಯಲ್ಲಿ ಜಗಳ. ಹಗ್ಗದ ಒಳಗೆ, ವೇದಮಂತ್ರದಲ್ಲಿ ನಮ್ಮನ್ನು ಕೂರಿಸಿದರೆ ಸರಿ, ಇಲ್ಲದಿದ್ದರೆ ನಾನೂ ಆ ಮೆಟ್ಟಿಲು ಹತ್ತುವುದಿಲ್ಲ, ನಮ್ಮ ಕೊಬ್ಬರಿಯೂ ಹತ್ತುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಹನುಮಂತರಾಜು ಹಿಂದೆಯೇ ಓಡಿ ಬಂದು ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಟೀಚರಮ್ಮ ಎಂದ. ಅವನೂ ನಮ್ಮ ಜನವೇ. ಪಾದದಿಂದ ಹುಟ್ಟಿದವನಿಗೆ ಬಗ್ಗುವುದು ಸುಲಭ ಎಂದೆ. ಮುಖ ಸಣ್ಣದಾಯಿತು, ಆಗಲಿ.

ಜನವರಿ 23, ಗುರುವಾರ

ಹುಚ್ಚಕ್ಕ ಕೇಳಿದ್ದು ಸಿಕ್ಕಿತು.

ಅವರು ನಾಲ್ಕರಲ್ಲಿ ಇಲ್ಲ. ನಾಲ್ಕರ ಆಚೆ. ಊರ ಹೊರಗೆ ಇರಬೇಕಂತೆ. ಅವರಿಗೆ ಅನ್ನವನ್ನು ನೇರವಾಗಿ ಕೊಡದೆ ಬೇರೆಯವರ ಕೈಯಲ್ಲಿ ಕೊಡಿಸಬೇಕಂತೆ, ಒಡೆದ ಪಾತ್ರೆಯಲ್ಲಿ.

ಇವತ್ತು ಗಟ್ಟಿಯಾಗಿ ಓದಲಿಲ್ಲ. ಕಣ್ಣು ಉರಿ ಎಂದು ಪುಸ್ತಕ ಮುಚ್ಚಿದೆ. ಅವಳು ಮಚ್ಚು ಕೆಳಗಿಟ್ಟು ಮತ್ತೆ ಕೇಳಿದಳು. ನಿಮ್ಮ ವಿಷಯ ಏನೂ ಇಲ್ಲ ಎಂದೆ.

"ಇಲ್ದಿದ್ರೆ ಒಳ್ಳೇದಾತು ಬುಡಿ. ಬರೀದೆ ಇದ್ರೂವೆ ನಡ್ಕಂಡು ಬಂದೈತಲ್ಲ," ಎಂದಳು. ಗೂಡಿನಿಂದ ಕಪ್ಪು ತೆಗೆದು ತೊಳೆದಳು. ಕಾಫಿ ಹುಯ್ಯುವಾಗ ಸ್ವಲ್ಪ ಆಚೆ ಚೆಲ್ಲಿತು.

ಜನವರಿ 29, ಬುಧವಾರ

ಸಿಕ್ಕಿತು, ಅವರ ಪುಸ್ತಕದಲ್ಲೇ ಸಿಕ್ಕಿತು. ಕಸುಬು ಮಾಡುವವನ ಕೈ ಯಾವಾಗಲೂ ಶುದ್ಧ. ಮಾರಾಟಕ್ಕೆ ಹರವಿದ ಸರಕೂ ಯಾವಾಗಲೂ ಶುದ್ಧ. ಕಂಬಾರ, ಕುಂಬಾರ, ನೇಕಾರ ಇವರು ಮುಟ್ಟಿದ್ದಿಲ್ಲದೆ ಯಾವ ಯಜ್ಞವೂ ನಡೆಯುವುದಿಲ್ಲವಲ್ಲ, ಅದಕ್ಕೆ ಮಾಡಿಕೊಂಡ ಅನುಕೂಲ ಇದು. ಮಡಕೆ ಬೇಕು, ಮಡಕೆ ಮಾಡಿದವನು ಬೇಡ. ಎಷ್ಟು ಜಾಣರು. ಕೈ ಮಾತ್ರ ಕತ್ತರಿಸಿ ಒಳಗೆ ತೆಗೆದುಕೊಂಡು ಮನುಷ್ಯನನ್ನು ಹಗ್ಗದಾಚೆ ಬಿಟ್ಟಿದ್ದಾರೆ.

ಶನಿವಾರ ದೊಡ್ಡ ಶಾಸ್ತ್ರಿಗಳು ಯಾಗಶಾಲೆಯ ಜಾಗ ಗುರುತು ಮಾಡಲು ಬರುತ್ತಾರೆ. ಇದನ್ನೇ ಅವರ ಮುಖದ ಮುಂದೆ ಹಿಡಿಯುತ್ತೇನೆ.

ಫೆಬ್ರವರಿ 1, ಶನಿವಾರ

ಗೆದ್ದೆ. ಗೆದ್ದದ್ದನ್ನು ಮೊದಲು ಬರೆದುಬಿಡುತ್ತೇನೆ, ಯಾಕೆಂದರೆ ಉಳಿದದ್ದನ್ನು ನೆನೆದರೆ ಮೈ ಉರಿಯುತ್ತದೆ.

ಶಾಸ್ತ್ರಿಗಳು ತಿಪಟೂರಿನ ಕಡೆಯಿಂದ ಕಾರಿನಲ್ಲಿ ಬಂದರು. ನನ್ನ ಮನಸ್ಸಿನಲ್ಲಿದ್ದ ಗಂಟುಮೋರೆಯ ಮುದುಕರಲ್ಲ. ನಡುವಯಸ್ಸು, ಮೆಲುಮಾತು, ಎಲ್ಲರಿಗೂ ಬಹುವಚನ. ಗುಡಿಯ ಮುಂದೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸುತ್ತಿದ್ದರು. ಶ್ರೀರಂಗಯ್ಯ, ಹನುಮಂತರಾಜು, ನಮ್ಮವರು ಎಲ್ಲ ಇದ್ದರು. ನಾನು ಪುಸ್ತಕವನ್ನೇ ಕಂಕುಳಲ್ಲಿಟ್ಟುಕೊಂಡು ಹೋಗಿದ್ದೆ.

"ಕೆಲಸ ಮಾಡೋ ಕೈ ಯಾವತ್ತೂ ಶುದ್ಧ ಅಂತ ಇದರಲ್ಲೇ ಇದೆ. ಪೂರ್ಣಾಹುತಿ ಕೊಬ್ಬರಿ ನಮ್ಮ ಕೈಯಿಂದ ಬರೋದು. ಕೈ ಒಳಗೆ ಬರಬಹುದು, ನಾವು ಬರಬಾರದಾ?" ಎಂದೆ.

ಅವರು ಪುಟ ನೋಡಲೂ ಇಲ್ಲ. ಅದು ಅವರಿಗೆ ಬಾಯಿಪಾಠ. ನಕ್ಕರು, ಮೆಚ್ಚಿಕೊಂಡಂತೆಯೇ ನಕ್ಕರು.

"ಚೆನ್ನಾಗಿ ಓದಿದೀರಿ ತಾಯಿ. ಆದರೆ ಅದು ನಿಮ್ಮ ಕೈ ಅಲ್ಲವಲ್ಲ. ನಿಮ್ಮದು ತೋಟ. ಚಿಪ್ಪು ಒಡೆಯೋ ಕೈ ಯಾರದು?"

ನಮ್ಮ ಆಳಿನದು ಎಂದೆ.

"ಅವರನ್ನ ನಿಮ್ಮನೇಲಿ ಎಲ್ಲಿ ಕೂರಿಸ್ತೀರಿ?"

ಹನುಮಂತರಾಜು ಗೋಪುರ ನೋಡಿದ. ನಮ್ಮವರು ಚಪ್ಪಲಿಯ ತುದಿಯಿಂದ ಸುಣ್ಣದ ಗೆರೆ ಅಳಿಸಿಬಿಟ್ಟರು. ಶಾಸ್ತ್ರಿಗಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಊರು ಒಪ್ಪಿದರೆ ತಮ್ಮದೇನೂ ಅಡ್ಡಿಯಿಲ್ಲ, ಟೀಚರಮ್ಮನವರು ಒಳಗೇ ಕೂರಲಿ, ವೇದಮಂತ್ರದಲ್ಲೇ ಸಂಕಲ್ಪ ಮಾಡಿಸುತ್ತೇನೆ, ಉಳಿದವರ ವಿಷಯ ಉಳಿದವರು ಯೋಚಿಸಿಕೊಳ್ಳಲಿ ಎಂದು ಹೇಳಿ ಮತ್ತೆ ಗೆರೆ ಹಾಕಿಸಿದರು.

ಎಷ್ಟು ಸೊಕ್ಕು. ನಾನು ಕೇಳಿದ್ದು ಶಾಸ್ತ್ರ, ಅವರು ನನ್ನ ಹಿತ್ತಲಿಗೆ ಯಾಕೆ ಬರಬೇಕು? ಕೊಟ್ಟ ರೀತಿಯಾದರೂ ಎಂಥದು. ಸೋತು ಕೊಡಲಿಲ್ಲ, ಚಿಕ್ಕ ಮಕ್ಕಳ ಕೈಗೆ ಬೊಂಬೆ ಕೊಟ್ಟು ಸುಮ್ಮನಾಗಿಸಿದ ಹಾಗೆ ಕೊಟ್ಟರು. ದಾರಿಯುದ್ದಕ್ಕೂ ನಮ್ಮವರಿಗೆ ಇದನ್ನೇ ಹೇಳಿದೆ. ನಿನಗೆ ಬೇಕಾದದ್ದು ಸಿಕ್ಕಿತಲ್ಲ, ಮತ್ತೆ ಯಾಕೆ ಉರಿ ಎಂದರು. ಇವರಿಗೆ ಹೇಳಿ ಪ್ರಯೋಜನವಿಲ್ಲ.

ಅನ್ನ ಇವತ್ತೂ ಸೇರಲಿಲ್ಲ.

ಫೆಬ್ರವರಿ 4, ಮಂಗಳವಾರ

ರಥಸಪ್ತಮಿ. ತಲೆಯ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಿದೆ.

ಹಿತ್ತಲ ಗೂಡು ಗುಡಿಸುವಾಗ ಆ ಪಿಂಗಾಣಿ ಕಪ್ಪನ್ನು ಚಿಪ್ಪಿನ ರಾಶಿಗೆ ಎಸೆದೆ. ಅಂಚು ಮೊದಲೇ ಬಿರುಕು ಬಿಟ್ಟಿತ್ತು, ಯಾರಿಗಾದರೂ ತುಟಿಗೆ ಚುಚ್ಚಬಹುದು. ಹುಚ್ಚಕ್ಕನಿಗೆ ಒಳಗಿನ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟೆ. ಅವಳು ಗೂಡು ನೋಡಿದಳು, ಲೋಟ ನೋಡಿದಳು, ನನ್ನನ್ನು ನೋಡಿದಳು. ಕಪ್ಪು ಒಡೆದು ಹೋಯಿತಾ ಎಂದಳು. ಹೌದು ಎಂದೆ. ಕುಡಿದು, ಲೋಟ ತೊಳೆದು, ಗೂಡಿನಲ್ಲೇ ಇಟ್ಟು ಹೋದಳು.

ನಾನು ಅದನ್ನು ಒಳಗೆ ತಂದಿಟ್ಟೆ. ನಮ್ಮವರು ಸಂಜೆ ಅದರಲ್ಲೇ ನೀರು ಕುಡಿದರು. ಏನೂ ಆಗಲಿಲ್ಲ, ಆಗುವುದೇನಿದೆ.

ಫೆಬ್ರವರಿ 9, ಭಾನುವಾರ

ನಾಳೆ ಕುಂಭಾಭಿಷೇಕ. ಮೈಕಿನಲ್ಲಿ ಬೆಳಗಿನಿಂದ ನಾಗಸ್ವರ ಹಾಕಿದ್ದಾರೆ.

ಕೊಬ್ಬರಿ ಎಲ್ಲ ಸಿದ್ಧ. ಒಂದರ ಮೇಲೂ ಗೀರಿಲ್ಲ. ಹೊಸ ಬುಟ್ಟಿಗೆ ಜೋಡಿಸಿ, ಬೆಳಿಗ್ಗೆ ಎಂದಿನಂತೆ ಹೊತ್ತುಕೊಂಡು ನಮ್ಮ ಹಿಂದೆ ಬರಬೇಕು ಎಂದು ಹುಚ್ಚಕ್ಕನಿಗೆ ಹೇಳಿದೆ. ಪ್ರತಿ ನವರಾತ್ರಿಗೂ ಗುಡಿಗೆ ಕೊಬ್ಬರಿ ಹೊರುವುದು ಅವಳೇ. ದೀಪದ ಕಂಬದ ತನಕ ತಂದು ಇಳಿಸುತ್ತಾಳೆ, ಅಲ್ಲಿಂದ ಮುಂದಕ್ಕೆ ಗುಡಿಯವರು ಎತ್ತಿಕೊಳ್ಳುತ್ತಾರೆ.

ಅವಳು ಬುಟ್ಟಿ ಎತ್ತಿದಳು. ತಂದು ನಮ್ಮ ಹಿತ್ತಲ ಬಾಗಿಲ ಹೊಸ್ತಿಲ ಹೊರಗೇ ಇಟ್ಟಳು.

"ಇಲ್ಲೀಗಂಟ ತಂದಿದೀನಿ ಅವ್ವಾರೆ. ನಿಮ್ಮನೇಲಿ ನಾನು ಬಂದಿರೋದೂ ಇಲ್ಲೀಗಂಟ್ಲೇಯ. ಮುಂದಕ್ಕೆ ನೀವೇ ಎತ್ಕಂಡೋಗಿ."

ಏನಾಯಿತೇ ನಿನಗೆ ಎಂದೆ.

"ಹಗ್ಗದಾಚೆ ಕೂರುಸ್ತೀವಿ ಅಂದಿದ್ಕೆ ಒಂದು ತಿಂಗ್ಳಿಂದ ನಿಮ್ಗೆ ಅನ್ನ ಸೇರ್ಲಿಲ್ಲ. ನೀವು ಓದ್ತಿದ್ರಿ, ನಾನು ಕೇಳ್ತಿದ್ದೆ. ಈ ಕಲ್ಲು ಮ್ಯಾಲೆ ಕುಂತು ನಂಗೆ ಎಷ್ಟು ವರ್ಷ ಆತು? ನಂಗೆ ದಿನಾ ಅನ್ನ ಸೇರೈತೆ. ನೀವು ಹಾಕಿದ ಅನ್ನವೇ ಸೇರೈತೆ ಅವ್ವಾರೆ."

ದನಿ ಏರಿಸಲಿಲ್ಲ. ಸೆರಗು ಕೊಡವಿಕೊಂಡು ಹೋದಳು.

ಇಷ್ಟು ವರ್ಷ ನಮ್ಮ ಮನೆಯಲ್ಲಿ ಉಂಡವಳು. ಜ್ವರ ಬಂದಾಗ ಮಾತ್ರೆ ಕೊಟ್ಟದ್ದು ಯಾರು, ಮಗನ ಮದುವೆಗೆ ಅಕ್ಕಿ ಕೊಟ್ಟದ್ದು ಯಾರು? ಎದುರು ನಿಂತು ಇಂಥ ಮಾತು. ಅವಳಿಗೆ ಸರಿಯಾಗಿ ಉತ್ತರ ಕೊಡಬೇಕೆಂದು ಅವಳಾಡಿದ್ದನ್ನು ಮೇಲೆ ಬರೆದುಕೊಂಡೆ. ಕೆಂಪು ಪೆನ್ನು ಹಿಡಿದು ಕೂತೆ. ತಪ್ಪು ಎಲ್ಲಿದೆ ಎಂದು ಹುಡುಕುತ್ತಲೇ ಇದ್ದೇನೆ, ಗುರುತು ಹಾಕಲು ಒಂದು ಪದವೂ ಸಿಗುತ್ತಿಲ್ಲ.

ಬುಟ್ಟಿ ಹೊಸ್ತಿಲಲ್ಲೇ ಇದೆ.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಉಪವಾಸವಿದ್ದು ರೇಷ್ಮೆ ಸೀರೆ ಉಟ್ಟೆ. ನಮ್ಮವರು ಪಂಚೆಯ ಜರಿ ಸರಿಮಾಡಿಕೊಂಡು ಮೊದಲೇ ಹೊರಟಿದ್ದರು. ನಾನು ಬುಟ್ಟಿ ಎತ್ತಿಕೊಂಡೆ. ಹೊತ್ತವರಿಗೇ ಗೊತ್ತು, ಒಣಗಿದ ಕೊಬ್ಬರಿಯೂ ಅಷ್ಟೇನೂ ಹಗುರವಲ್ಲ. ಗುಡಿಗೆ ಬಲಕ್ಕೆ ತಿರುಗಬೇಕು. ನಾನು ಎಡಕ್ಕೆ ತಿರುಗಿದೆ. ಅವಳಿಗೆ ನಾಲ್ಕು ಮಾತು ಅಂದೇ ಹೋಗಬೇಕು ಎಂದು ಹೊರಟದ್ದು.

ಕಾಲೋನಿಯಲ್ಲಿ ಅವರ ಮನೆ ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಗೊತ್ತುಮಾಡಿಕೊಳ್ಳುವ ಸಂದರ್ಭವೇ ಬಂದಿರಲಿಲ್ಲ. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರನ್ನು ಕೇಳಿದೆ. ರೇಷ್ಮೆ ಸೀರೆ ಉಟ್ಟು, ಸೊಂಟಕ್ಕೆ ಬುಟ್ಟಿ ಒತ್ತಿಕೊಂಡು ನಿಂತ ನನ್ನನ್ನು ಅವರು ಮೇಲಿಂದ ಕೆಳಗೆ ನೋಡಿ, ಬೇವಿನ ಮರದ ಮನೆ ತೋರಿಸಿದರು.

ಹುಚ್ಚಕ್ಕ ಬಾಗಿಲಲ್ಲೇ ಕೂತಿದ್ದರು. ನಾಲ್ಕು ಮಾತು ಸಿದ್ಧವಾಗಿತ್ತು, ಬಾಯಿಗೆ ಬಂದದ್ದು ಬೇರೆ. ಏಳು, ಹೋಗೋಣ, ನನ್ನ ಜೊತೆ ಬಾ, ಒಳಗೆ ಎಂದೆ.

"ಯಾವುದ್ರೊಳೀಕೆ? ಗುಡಿಗೋ, ನಿಮ್ಮನೆಗೋ?"

ಎರಡಕ್ಕೂ ಎಂದೆ.

"ಇವತ್ತು ಕರುದ್ರೆ ಇವತ್ತೇ ಬರಕಾಯ್ತದಾ? ನಾಳೀಕೂ ಕರೀರಿ, ನೋಡಾನ," ಎಂದು ಪಕ್ಕಕ್ಕೆ ಸರಿದು ಜಗಲಿಯ ಮೇಲೆ ಜಾಗ ಬಿಟ್ಟರು.

ಅಷ್ಟರಲ್ಲಿ ಹನುಮಂತರಾಜುವಿನ ಫೋನು. ಸಂಕಲ್ಪಕ್ಕೆ ಹೊತ್ತಾಯಿತು, ಮಣೆ ಹಗ್ಗದ ಒಳಗೇ ಹಾಕಿದೆ, ಎಲ್ಲಿದ್ದೀರಿ ಎಂದ. ಪೂರ್ಣಾಹುತಿಯ ಕೊಬ್ಬರಿ ಮಾಡಿದ ಕೈ ಇಲ್ಲಿದೆ, ಅದರ ಹಿಂದಿನ ಮನುಷ್ಯರಿಗೂ ಅಲ್ಲೇ ಮಣೆ ಹಾಕುತ್ತೀರಾ ಎಂದು ಕೇಳಿದೆ. ಅವನು ಪಕ್ಕದಲ್ಲಿದ್ದವರನ್ನು ಏನೋ ಕೇಳಿದ. ಆಮೇಲೆ, ಈ ಸಲಕ್ಕೆ ಅಂಗಡಿಯ ಕೊಬ್ಬರಿ ತರಿಸಿಕೊಳ್ಳುತ್ತೇವೆ ಬಿಡಿ ಟೀಚರಮ್ಮ, ಕೊಂಡು ತಂದದ್ದು ಶುದ್ಧವಂತೆ ಎಂದ. ಶುದ್ಧವೇ ಸರಿ. ಅದರ ಚಿಪ್ಪನ್ನೂ ಯಾವುದೋ ಹಿತ್ತಲ ಕಲ್ಲಿನ ಮೇಲೆ ಕೂತು ಇನ್ನೊಬ್ಬ ಹುಚ್ಚಕ್ಕ ಒಡೆದಿರುತ್ತಾರೆ. ಅವರನ್ನು ಕಣ್ಣಿಗೆ ಬೀಳದಂತೆ ಮಾಡಿದರೆ ಸಾಕು, ಇವರಿಗೆ ಎಲ್ಲ ಶುದ್ಧ. ಇಷ್ಟನ್ನು ಅವನಿಗೆ ಹೇಳಿಯೇ ಫೋನ್ ಇಟ್ಟೆ.

ಕಾಲು ನೋಯುತ್ತಿತ್ತು, ಜಗಲಿಯ ಮೇಲೆ ಕೂತೆ. ಗುಡಿಯ ಮೈಕಿನಲ್ಲಿ ಮಂತ್ರ ಕೇಳುತ್ತಿತ್ತು. ವೇದವೋ ಪುರಾಣವೋ, ಅಷ್ಟು ದೂರಕ್ಕೆ ಎರಡೂ ಒಂದೇ ಥರ ಕೇಳಿಸುತ್ತದೆ. ಶಂಖ, ಗಂಟೆ, ತಮಟೆ ಒಟ್ಟಿಗೆ ಬಂತು. ಪೂರ್ಣಾಹುತಿ ಆಯಿತು. ನಮ್ಮ ಕೊಬ್ಬರಿ ನನ್ನ ಮಡಿಲಲ್ಲೇ ಇತ್ತು.

ಹುಚ್ಚಕ್ಕ ಬುಟ್ಟಿಯಿಂದ ಒಂದು ಉಂಡೆ ತೆಗೆದು ಹೊಸ್ತಿಲಿಗೆ ಕುಟ್ಟಿದರು. ಹೋಳಾಯಿತು. ಒಂದು ಹೋಳನ್ನು ಕಚ್ಚಿ ಅಗಿದು ನೋಡಿ, "ಎಣ್ಣೆ ಚೆನ್ನಾಗಿ ಕುಂತೈತೆ," ಎಂದು ಉಳಿದದ್ದನ್ನು ನನ್ನ ಕೈಗೆ ಇಟ್ಟರು. ಬೆಳಗಿನಿಂದ ಹಸಿದಿದ್ದೆ, ತಿಂದೆ. ಒಂದು ತಿಂಗಳ ಮೇಲೆ ಇವತ್ತು ತಿಂದದ್ದು ಸೇರಿತು.

ಹಗ್ಗದೊಳಗಿನ ಎರಡು ಮಣೆಯೂ ಕೊನೆಯವರೆಗೆ ಖಾಲಿ ಇದ್ದವಂತೆ. ನಮ್ಮವರು ನನ್ನನ್ನು ಕಾದು ಕಾದು ಕಂಬಕ್ಕೆ ಒರಗಿ ನಿಂತಿದ್ದರಂತೆ, ಮಂಡಿಗೆ ಅದೇ ಹಿತವಾಯಿತು ಎಂದರು.

ನಾಳೆ ಬೆಳಿಗ್ಗೆ ಮತ್ತೆ ಕರೆಯಲು ಹೋಗಬೇಕು. ಮನೆ ಯಾವುದು ಎಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.